ಕತ್ತಲಾದ ಮನೆಗೆ ಬಿಸಿಲಿನ ಆಸರೆ: ಅತ್ಯಗತ್ಯ ಉಪಕರಣಗಳಿಗೆ ಸೌರವಿದ್ಯುತ್ತು

(ಹ್ಯೂಸ್ಟನ್ನಿನಲ್ಲಿ ನಮ್ಮ ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯರಾದ ನಮಗೂ ಸೌರಫಲಕಗಳಿಗೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರು ಕೇಳಬಹುದು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಸ್ಸಿನ 45 ಲಕ್ಷಕ್ಕೂ ಮಿಕ್ಕಿದ ಮನೆಗಳಲ್ಲಿ ವಿದ್ಯುತ್ತು ನಿಂತುಹೋಯಿತು. ಆ ದುರಂತದಲ್ಲಿ ಮಡಿದವರು 246 ಮಂದಿ ಎಂಬುದು ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ ನಮ್ಮ ಹ್ಯೂಸ್ಟನ್ ಪ್ರದೇಶದಲ್ಲೇ 20 ಲಕ್ಷಕ್ಕಿಂತ ಹೆಚ್ಚು ಗ್ರಾಹಕರು ಕತ್ತಲಲ್ಲಿ ಉಳಿದರು. ಮೊದಲನೆಯದರಲ್ಲಿ ಜನರನ್ನು ಕಾಡಿದ್ದು ಚಳಿ, ಎರಡನೆಯದರಲ್ಲಿ ಸೆಕೆ. ಎರಡರಲ್ಲೂ ಹೆಚ್ಚು ಬಳಲಿದವರು ವಯಸ್ಸಾದವರು ಮತ್ತು ರೋಗಿಗಳು. ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುವ ತಂದೆತಾಯಿಗಳು ಈ ಎರಡೂ ಪಂಗಡಗಳಿಗೆ ಸೇರಿದವರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಸೂರಿನ ಮೇಲೆ ಫಲಕಗಳಿದ್ದ ಮಾತ್ರಕ್ಕೆ ಕರೆಂಟು ಹೋದಾಗ ಮನೆಯಲ್ಲಿ ದೀಪ ಉರಿಯುತ್ತದೆಂಬ ಭರವಸೆ ಇಲ್ಲ. ಬ್ಯಾಟರಿಯಿಲ್ಲದೆ ಬೀದಿಯ ತಂತಿಗೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರು, ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲಲೇಬೇಕು. ಇಲ್ಲವಾದರೆ ಕಂಬವೇರಿ ದುರಸ್ತಿ ಮಾಡುವ ಕಾರ್ಮಿಕನಿಗೆ ನಮ್ಮ ಮನೆಯ ಸೂರಿನಿಂದಲೇ ಆಘಾತ ತಗಲೀತು. ಆದುದರಿಂದ ಆಪತ್ಕಾಲಕ್ಕೆ ಒದಗಬೇಕಾದರೆ ಬ್ಯಾಟರಿಯೂ, ಬೀದಿಯ ಸಂಪರ್ಕವನ್ನು ತಾನಾಗಿ ಕಡಿದುಕೊಳ್ಳುವ ಏರ್ಪಾಡೂ ಇರಬೇಕು. ಬೆಂಗಳೂರಿನ ಮನೆಗಳಲ್ಲಿ ಯುಪಿಎಸ್ ಕಂಡವರಿಗೆ ಇದು ಹೊಸದೇನಲ್ಲ. ಅಲ್ಲಿ ಬ್ಯಾಟರಿಯನ್ನು ತುಂಬುವುದು ಬೀದಿಯ ಕರೆಂಟು, ಇಲ್ಲಿ ಸೂರ್ಯ. ಲೋಡ್ ಶೆಡ್ಡಿಂಗಿನ ಕಾಲದಲ್ಲಿ ಬೆಳೆದ ನಾವು ಅಮೆರಿಕಕ್ಕೆ ಬಂದ ಮೇಲೆ ಈ ವಿದ್ಯೆಯನ್ನು ಮರೆತೆವು, ಅಷ್ಟೆ.

ಇನ್ನು ಲೆಕ್ಕಕ್ಕೆ ಬರೋಣ. ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ನಡೆದರೆ ಒಂದು ಯೂನಿಟ್. ನಮ್ಮೂರಿನ ಬಿಲ್ಲಿನಲ್ಲಿ ಬರುತ್ತಿದ್ದ ಯೂನಿಟ್ ಇದೇ. ರೋಗಿಯ ತಪಾಸಣೆಯಿಲ್ಲದೆ ಔಷಧಿಯ ಪ್ರಮಾಣವನ್ನು ಬರೆಯಲಾಗದು. ಹಾಗೆಯೇ ಮನೆಯ ಬೇಡಿಕೆಯನ್ನು ಕೂಡಿಸದೆ ಬ್ಯಾಟರಿ ಕೊಳ್ಳಲು ಹೊರಡಬಾರದು. ಫ್ರಿಜ್ಜಿಗೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್. ಐದು ಎಲ್‌ಇಡಿ ದೀಪಗಳಿಗೆ ಕಾಲು. ಇಂಟರ್‌ನೆಟ್ಟಿನ ಪೆಟ್ಟಿಗೆ ಹಗಲಿರುಳು ಉರಿಯುವುದರಿಂದ ಅರ್ಧ. ಹತ್ತು ಗಂಟೆ ತಿರುಗುವ ಫ್ಯಾನಿಗೆ ಅರ್ಧ. ನಿದ್ರೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿಪ್ಯಾಪ್ ಯಂತ್ರಕ್ಕೆ ರಾತ್ರಿಯೊಂದಕ್ಕೆ ಹೆಚ್ಚುಕಡಮೆ 0.3; ನೀರು ಕಾಯಿಸುವ ಭಾಗವನ್ನು ಆರಿಸಿದ್ದರೆ ಮಾತ್ರ ಈ ಲೆಕ್ಕ. ಒಂದು ಹೊತ್ತಿನ ಅನ್ನಕ್ಕೆ ರೈಸ್ ಕುಕ್ಕರು 0.35, ಫೋನುಗಳಿಗೆ 0.1. ಒಟ್ಟು ಮೂರೂವರೆ ಯೂನಿಟ್ ಆಯಿತು. ದೋಸೆಹಿಟ್ಟಿನ ಗ್ರೈಂಡರು ಅತ್ಯಗತ್ಯ ಉಪಕರಣಗಳ ಪಟ್ಟಿಗೆ ಸೇರುವುದೋ ಇಲ್ಲವೋ ಎಂಬುದನ್ನು ಗೃಹಿಣಿಯರ ತೀರ್ಮಾನಕ್ಕೆ ಬಿಡುತ್ತೇವೆ.

ಆದರೆ ಇನ್ವರ್ಟರು ತನ್ನ ಪಾಲನ್ನೂ ಕೇಳುತ್ತದೆ. ಏನೂ ನಡೆಯದಿದ್ದಾಗಲೂ ಅದು ಸುಮಾರು 30 ವ್ಯಾಟ್ ತಿನ್ನುತ್ತಿರುತ್ತದೆ. ಪರಿವರ್ತನೆಯ ನಷ್ಟವನ್ನೂ ಸೇರಿಸಿದರೆ ದಿನಕ್ಕೆ ಒಂದು ಯೂನಿಟ್ ಹೆಚ್ಚು. ಹೀಗೆ ಬೇಡಿಕೆ ನಾಲ್ಕೂವರೆಗೆ ಮುಟ್ಟುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಬಳಸಬಹುದು. ಆದುದರಿಂದ 5 ಯೂನಿಟ್ಟಿನ ಬ್ಯಾಟರಿ ಒಂದು ದಿನಕ್ಕೆ ಸರಿಯಾಗಿ ಸಾಕು. ಹಳೆಯ ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡುವುದು ಒಳ್ಳೆಯದಲ್ಲ, ಸುಮಾರು ಇಮ್ಮಡಿ ಗಾತ್ರದ್ದು ಬೇಕಾದೀತು.

ಮರುದಿನ ಅದನ್ನು ತುಂಬುವವನು ಸೂರ್ಯ. 400 ವ್ಯಾಟಿನ ನಾಲ್ಕು ಫಲಕಗಳಿಗೆ ದಿನಕ್ಕೆ ನಾಲ್ಕು ಗಂಟೆಯ ಪೂರ್ಣ ಬಿಸಿಲು ದೊರೆತು ಕಾಲುಭಾಗ ನಷ್ಟವಾದರೂ 4.8 ಯೂನಿಟ್ ಬರುತ್ತದೆ. ಡಿಸೆಂಬರಿನಲ್ಲಿ ಮೂರೇ ಗಂಟೆಯಾದರೆ 3.6ಕ್ಕೆ ಇಳಿಯುತ್ತದೆ, ಸಾಲದು. ಹೀಗಾಗಿ ಆರು ಫಲಕಗಳಿರಲಿ ಎಂಬುದು ನಮ್ಮ ಸಲಹೆ. ಮೋಡ ಕವಿದ ದಿನ ಅವೂ ಕೈಕೊಡುತ್ತವೆ. ಅಂದು ಕುಕ್ಕರು, ಫ್ಯಾನು, ಇಂಟರ್‌ನೆಟ್ಟುಗಳನ್ನು ಬಿಟ್ಟು ಫ್ರಿಜ್ಜನ್ನೂ ಸಿಪ್ಯಾಪನ್ನೂ ಉಳಿಸಿಕೊಳ್ಳಬೇಕು. ಬಾಗಿಲು ತೆರೆಯದ ಫ್ರಿಜ್ಜು ನಾಲ್ಕು ಗಂಟೆ ತಂಪನ್ನು ಹಿಡಿದಿಡುತ್ತದೆ.

ಫ್ರಿಜ್ಜಿನ ಮೇಲೆ ನಮಗೇಕೆ ಇಷ್ಟು ಮಮತೆ? ಹಾಲುಮೊಸರಿಗಾಗಿ ಅಲ್ಲ. ಇನ್ಸುಲಿನ್ನಿನ ಬಹುತೇಕ ಬಗೆಗಳು 86 ಡಿಗ್ರಿ ಫ್ಯಾರನ್‌ಹೀಟಿನ ಒಳಗಿದ್ದರೆ ಹೊರಗಡೆಯೂ 28 ದಿನ ಕೆಡುವುದಿಲ್ಲ. ಆದರೆ ಹ್ಯೂಸ್ಟನ್ನಿನ ಜುಲೈಯಲ್ಲಿ ಏಸಿ ನಿಂತ ಮನೆ ಆ ಮಿತಿಯನ್ನು ಒಂದೇ ದಿನದಲ್ಲಿ ದಾಟುತ್ತದೆ. ಚಳಿಗಾಲದಲ್ಲಿ ಅದನ್ನು ಹೊರಗಿನ ಹಿಮದಲ್ಲಿಡುವುದೂ ಸಲ್ಲದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಎಸೆಯಲೇಬೇಕು.

ಸೆಕೆಯ ಬಗ್ಗೆ ಇನ್ನೊಂದು ಮಾತು. ಕೋಣೆಯ ತಾಪ 95 ಡಿಗ್ರಿಯನ್ನು ಮೀರಿದಾಗ ಫ್ಯಾನು ವೃದ್ಧರನ್ನು ಕಾಪಾಡಲಾರದು. ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಇಡೀ ಮನೆಯ ಏಸಿ ಮೂರು ನಾಲ್ಕು ಸಾವಿರ ವ್ಯಾಟ್ ಬೇಡುವುದರಿಂದ ಅದರ ಆಸೆ ಬೇಡ. ಕಿಟಕಿಗೆ ಕೂರಿಸುವ ಸಣ್ಣ ಏಸಿ 500 ವ್ಯಾಟಿನಲ್ಲಿ ಒಂದು ಕೋಣೆಯನ್ನು ತಂಪಾಗಿಡುತ್ತದೆ. ಹನ್ನೆರಡು ಗಂಟೆಗೆ ಹೆಚ್ಚೆಂದರೆ 6 ಯೂನಿಟ್. ಇದಕ್ಕಾಗಿ ಬ್ಯಾಟರಿಯನ್ನೂ ಫಲಕಗಳನ್ನೂ ಇಮ್ಮಡಿಗಿಂತ ಹೆಚ್ಚಿಸಬೇಕಾಗುತ್ತದೆ. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಇದನ್ನು ಭೋಗವೆಂದು ನಾವು ಎಣಿಸುವುದಿಲ್ಲ.

ಆಮ್ಲಜನಕದ ಯಂತ್ರವಿರುವ ಮನೆಯ ಲೆಕ್ಕ ಬೇರೆಯೇ. ನಿಮಿಷಕ್ಕೆ 5 ಲೀಟರು ಕೊಡುವ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ದಿನವಿಡೀ ನಡೆದರೆ 8.4 ಯೂನಿಟ್, ಅಂದರೆ ಮೇಲೆ ಕೂಡಿಸಿದ ಉಪಕರಣಗಳೆಲ್ಲದರ ಎರಡರಷ್ಟಕ್ಕಿಂತ ಹೆಚ್ಚು. ಅಂಥವರು ಬಿಸಿಲನ್ನೇ ನಂಬಿ ಕೂರದೆ ವೈದ್ಯರಿಗೆ ಹೇಳಿ ಆಮ್ಲಜನಕದ ಸಿಲಿಂಡರುಗಳನ್ನು ಮನೆಯಲ್ಲಿರಿಸಿಕೊಳ್ಳಬೇಕು. ಟೆಕ್ಸಸ್ಸಿನಲ್ಲಿ ಇಂಥ ರೋಗಿಗಳ ಮನೆಯನ್ನು ವಿದ್ಯುತ್ ಕಂಪೆನಿಯ ವಿಶೇಷ ಪಟ್ಟಿಗೆ ಸೇರಿಸುವ ಅರ್ಜಿಯೊಂದಿದೆ. ವೈದ್ಯರು ಸಹಿ ಮಾಡಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಕರೆಂಟು ಹೋಗುವುದೇ ಇಲ್ಲವೆಂದು ಭಾವಿಸಬಾರದು. ಆದರೂ ಬರೆಸಿಕೊಳ್ಳಿ.

ಜನರೇಟರ್ ಅಗ್ಗವಲ್ಲವೇ ಎಂದು ಹಲವರು ಕೇಳುತ್ತಾರೆ. ಅಗ್ಗ ನಿಜ. ಆದರೆ ಗ್ಯಾರೇಜಿನಲ್ಲಿಟ್ಟ ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಮಾಪಕ ಈ ವ್ಯತ್ಯಾಸವನ್ನು ಗುರುತಿಸಲಾರದು. ರೋಗಿ ಕುಸಿಯುತ್ತಿದ್ದರೂ ಅಂಕಿ 98 ಎಂದೇ ತೋರೀತು. 2021ರ ಮೃತರಲ್ಲಿ ಈ ವಿಷಾನಿಲಕ್ಕೆ ಬಲಿಯಾದವರೂ ಇದ್ದರು. ಜನರೇಟರನ್ನು ಇಟ್ಟುಕೊಳ್ಳುವವರು ಮನೆಯಿಂದ 20 ಅಡಿ ದೂರದಲ್ಲಿ, ಬಯಲಿನಲ್ಲಿಯೇ ನಡೆಸಬೇಕು.

ಬ್ಯಾಟರಿಯ ಸ್ಥಳವನ್ನೂ ಯೋಚಿಸಿರಿ. ಲಿಥಿಯಂ ಬ್ಯಾಟರಿಯನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜು ಮಾಡಬಾರದು. ಒಳ್ಳೆಯ ಬ್ಯಾಟರಿ ತಾನಾಗಿಯೇ ನಿರಾಕರಿಸುತ್ತದೆ. 2021ರಂಥ ವಾರದಲ್ಲಿ ತಣ್ಣನೆಯ ಗ್ಯಾರೇಜಿನಲ್ಲಿರುವ ಬ್ಯಾಟರಿ ಬಿಸಿಲಿದ್ದರೂ ತುಂಬದೆ ಕುಳಿತೀತು. ತನ್ನನ್ನು ತಾನೇ ಬೆಚ್ಚಗಿರಿಸಿಕೊಳ್ಳುವ ಬಗೆಯದನ್ನು ಆರಿಸುವುದು ಲೇಸು.

ಖರ್ಚಿನ ವಿಷಯ. ಮನೆಯೊಡೆಯರಿಗೆ ದೊರೆಯುತ್ತಿದ್ದ ಶೇಕಡಾ 30ರ ಕೇಂದ್ರ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ; ಹಳೆಯ ಜಾಹೀರಾತುಗಳನ್ನು ನಂಬಿ ಲೆಕ್ಕ ಹಾಕಬೇಡಿ. ಬಾಡಿಗೆ ಮನೆಯವರಿಗೆ ಹಿಡಿಕೆಯುಳ್ಳ ಪೆಟ್ಟಿಗೆಯಂಥ ಬ್ಯಾಟರಿಯೂ ಮಡಚುವ ಫಲಕಗಳೂ ಸಾಕು. ಸ್ವಂತ ಮನೆಯವರು ಅತ್ಯಗತ್ಯ ಉಪಕರಣಗಳ ತಂತಿಗಳನ್ನು ಪ್ರತ್ಯೇಕ ಪ್ಯಾನೆಲ್ಲಿಗೆ ತರಿಸಿಕೊಳ್ಳಬಹುದು. ಈ ಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನ ಕೈಯಲ್ಲೇ ಮಾಡಿಸಬೇಕು.

ಎಲ್ಲವನ್ನೂ ಕೂರಿಸಿದ ಮೇಲೆ ಜೂನಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಒಂದು ರಾತ್ರಿ ಕಳೆದು ನೋಡಿರಿ. ಯಾವ ಪ್ಲಗ್ಗಿಗೆ ಏನನ್ನು ಜೋಡಿಸಬೇಕು, ಯಾವುದನ್ನು ಜೋಡಿಸಬಾರದು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರಿ. ಕರೆಂಟು ಹೋದ ಹೊತ್ತಿಗೆ ತಾವು ಆಫೀಸಿನಲ್ಲಿದ್ದು, ಮನೆಯಲ್ಲಿ ತಾಯಿಯವರೊಬ್ಬರೇ ಇರಬಹುದು.