ಬಾಸ್ ಇಲ್ಲದ ಕೆರೆಗೆ ಬಾಸ್ ಗಾಳ ಯಾಕೆ? ಕೊರವ ಮೀನಿಗೆ ಹೊಂದುವ ರಾಡು, ದಾರ, ಲೂರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಗಾಳದ ಬಗ್ಗೆ. ದೊಡ್ಡಬಳ್ಳಾಪುರದ ಕೇಳುಗರೊಬ್ಬರು ಕಳಿಸಿದ ಪ್ರಶ್ನೆ ಇದು: ‘ಯೂಟ್ಯೂಬ್ ನೋಡಿ ಬಾಸ್ ಮೀನು ಹಿಡಿಯೋ ರಾಡು, ಲೂರು ಎಲ್ಲಾ ತರಿಸಿದೆ. ಮೂರು ಭಾನುವಾರ ಕೆರೆ ಹತ್ರ ನಿಂತೆ. ಒಂದು ಮೀನೂ ಮುಟ್ಟಲಿಲ್ಲ. ಎಲ್ಲಿ ತಪ್ಪಾಯ್ತು?’

ಈ ತಪ್ಪು ನಾನೂ ಮಾಡಿದವನೇ. ಹೊಸಕೋಟೆ ಕಡೆಯ ಒಂದು ಕೆರೆಗೆ ಮೊದಲ ಸಲ ಹೋದಾಗ ನನ್ನ ಕೈಲಿ ತೆಳ್ಳನೆ ರಾಡು, ತೆಳ್ಳನೆ ತಂಗೂಸಿ, ಹೊಟ್ಟೆಗೊಂದು ಬಾಲಕ್ಕೊಂದು ಮುಮ್ಮೊನೆ ಗಾಳ ಇರೋ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು. ಎಸೆದ ಎರಡನೇ ಸಲಕ್ಕೇ ಅದು ಜೊಂಡಿಗೆ ಸಿಕ್ಕಿಕೊಂಡು ದಾರ ಕಿತ್ತುಹೋಯ್ತು. ಪಕ್ಕದಲ್ಲಿ ಬಿದಿರು ಕೋಲು ಹಿಡಿದು ಕೂತಿದ್ದ ಯಜಮಾನರೊಬ್ಬರು ನೋಡಿ, ‘ಏನ್ ಸ್ವಾಮಿ, ಮೀನಿಗೆ ಆಟದ ಸಾಮಾನು ತಂದಿದೀರಾ?’ ಅಂದ್ರು. ಬೇಜಾರಾಯ್ತು, ಆದ್ರೆ ಅವರು ಹೇಳಿದ್ದು ಸರಿಯಾಗೇ ಇತ್ತು.

ಮೊದಲು ಮೀನು ಯಾವುದು ಅಂತ ತಿಳ್ಕೊಳ್ಳಿ

ವಿಡಿಯೋಗಳಲ್ಲಿ ಬರೋ ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ಅಲ್ಲಿಂದ ಜಪಾನಿಗೂ ಹೋಗಿ ನೆಲೆಸಿದೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕ ವಿಶ್ವ ದಾಖಲೆಯ ಬಾಸ್‌ಗೆ ಸರಿಸಮನಾದ ಮೀನು 2009ರಲ್ಲಿ ಸಿಕ್ಕಿದ್ದು ಜಪಾನಿನ ಬೀವಾ ಸರೋವರದಲ್ಲಿ. ನಮ್ಮ ದೇವನಹಳ್ಳಿ, ನೆಲಮಂಗಲದ ಕೆರೆಗಳಲ್ಲಿ ಅದನ್ನ ಹುಡುಕಬೇಡಿ.

ಹಾಗಾದ್ರೆ ನಮ್ಮಲ್ಲಿ ಇರೋದೇನು? ಗುತ್ತಿಗೆದಾರರು ಕೆರೆಗೆ ಬಿಡೋ ಮರಿಗಳು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನ ಸೋಸಿ ತಿನ್ನುತ್ತೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಇವು ಬೇಟೆಯಾಡೋ ಮೀನುಗಳಲ್ಲ. ಇವಕ್ಕೆ ಬೆಂಡು ಕಟ್ಟಿ, ಹಿಟ್ಟಿನ ಉಂಡೆಯನ್ನೋ ಎರೆಹುಳುವನ್ನೋ ಹಾಕಿ ಕಾಯಬೇಕು. ಪ್ಲಾಸ್ಟಿಕ್ ಮೀನು ಎಳೆದ್ರೆ ತಿರುಗಿಯೂ ನೋಡಲ್ಲ. ನಮ್ಮ ಕೇಳುಗರ ಮೂರು ಭಾನುವಾರ ಹಾಳಾಗಿದ್ದು ಬಹುಶಃ ಇಲ್ಲೇ.

ಬಾಸ್ ಮಾಡೋ ಕೆಲಸವನ್ನ, ಅಂದ್ರೆ ಜೊಂಡಿನಲ್ಲಿ ಅಡಗಿ ಕೂತು ಎದುರಿಗೆ ಬಂದ ಕಪ್ಪೆ, ಮರಿಮೀನನ್ನ ಗಬಕ್ಕನೆ ನುಂಗೋ ಕೆಲಸವನ್ನ, ನಮ್ಮಲ್ಲಿ ಮಾಡೋದು ಕೊರವ. ಕೆಲವರು ಕುಚ್ಚು ಅಂತಾರೆ, ತೆಲುಗು ಮಾತಾಡೋರು ಕೊರ್ರಮೀನು ಅಂತಾರೆ, ಹೋಟೆಲ್ ಮೆನುನಲ್ಲಿ ಮುರ್ರೆಲ್. ಹಾವಿನಂಥ ತಲೆ, ಉದ್ದ ಮೈ. ಇದಕ್ಕೆ ಕಿವಿರು ಮಾತ್ರ ಸಾಲದು, ಆಗಾಗ ಮೇಲೆ ಬಂದು ಗಾಳಿ ಕುಡೀಲೇಬೇಕು. ಅದು ಮೇಲೆ ಬಂದಾಗ ನೀರಲ್ಲಿ ಒಂದು ‘ಗುಳುಕ್’ ಸದ್ದು, ನಾಲ್ಕು ಗುಳ್ಳೆ. ಆ ಯಜಮಾನರು ನನಗೆ ಮೊದಲು ತೋರಿಸಿಕೊಟ್ಟಿದ್ದು ಇದನ್ನೇ. ‘ಸುಮ್ನೆ ಎಸೀಬೇಡಿ, ಉಸಿರು ಎಲ್ಲಿ ಬಿಡ್ತದೆ ನೋಡಿ.’

ಕೊರವಕ್ಕೆ ಸಾಮಾನು

ಈಗ ಸಾಮಾನಿಗೆ ಬರೋಣ. ಇಲ್ಲಿ ಮೀನಿನ ತೂಕಕ್ಕಿಂತ ಜೊಂಡಿನ ಲೆಕ್ಕ ದೊಡ್ಡದು. ಒಂದೂವರೆ ಕೆಜಿ ಮೀನು ಐದು ಕೆಜಿ ಅಂತರಗಂಗೆ ಸುತ್ತಿಕೊಂಡು ಬರುತ್ತೆ ಅಂದ್ಕೊಳ್ಳಿ.

ದಾರ: ದುಡ್ಡು ಮೊದಲು ಹಾಕಬೇಕಾದ್ದು ಇದಕ್ಕೆ. ತಂಗೂಸಿ ಎಳೆದ್ರೆ ಹಿಗ್ಗುತ್ತೆ. ನೀವು ಇಪ್ಪತ್ತು ಮೀಟರ್ ದೂರದಿಂದ ಜಗ್ಗಿದ್ದು ಗಾಳದ ಮೊನೆಗೆ ಹೋಗಿ ಮುಟ್ಟೋದೇ ಇಲ್ಲ. ಹೆಣೆದ ಬ್ರೇಡ್ ದಾರ ಹಿಗ್ಗಲ್ಲ, ಜೊಂಡಿನ ಕಾಂಡವನ್ನೂ ಕುಯ್ಕೊಂಡು ಬರುತ್ತೆ. 30ರಿಂದ 50 ಪೌಂಡ್ ಬ್ರೇಡ್ ಸಾಕು. ದಟ್ಟ ಜೊಂಡಿದ್ರೆ ಲೂರನ್ನ ನೇರ ಬ್ರೇಡಿಗೇ ಕಟ್ಟಿ. ದಾರವನ್ನ ಎರಡು ಎಳೆ ಮಾಡಿ ಕಣ್ಣಿಗೆ ತೂರಿಸಿ ಹಾಕೋ ಪಾಲೋಮಾರ್ ಗಂಟು ಬ್ರೇಡಲ್ಲಿ ಜಾರಲ್ಲ. ಬಿಗಿ ಮಾಡೋ ಮುಂಚೆ ಗಂಟನ್ನ ಒದ್ದೆ ಮಾಡಿ.

ರಾಡು: ಆರೂವರೆಯಿಂದ ಏಳು ಅಡಿ ಉದ್ದ, ‘ಮೀಡಿಯಂ ಹೆವಿ’ ಅಂತ ಬರೆದಿರೋದು. ಬಳುಕೋ ರಾಡು ಚೆಂದ ಕಾಣುತ್ತೆ, ಆದ್ರೆ ಮೀನು ಕಚ್ಚಿದ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಅದರ ತಲೆಯನ್ನ ಮೇಲೆತ್ತದೇ ಹೋದ್ರೆ ಅದು ಬೇರಿನೊಳಗೆ ನುಗ್ಗಿಬಿಡುತ್ತೆ. ಆಮೇಲೆ ಎಳೆದಾಟ ಮೀನಿನ ಜೊತೆ ಅಲ್ಲ, ಕೆರೆ ಜೊತೆ.

ರೀಲು: ಹೊಸಬರಿಗೆ 3000 ಅಥವಾ 4000 ಸೈಜಿನ ಸ್ಪಿನ್ನಿಂಗ್ ರೀಲು ಸುಲಭ. ಬೇಟ್‌ಕಾಸ್ಟರ್ ಶಕ್ತಿವಂತ ರೀಲು, ನಿಜ. ಆದ್ರೆ ಕೈ ಪಳಗದೆ ಎಸೆದ್ರೆ ದಾರ ಹಕ್ಕಿಗೂಡು ಆಗುತ್ತೆ. ಡ್ರ್ಯಾಗ್ ಬಿಗಿಯಾಗಿರಲಿ, ಇಲ್ಲಿ ಮೀನಿಗೆ ದಾರ ಬಿಟ್ಟುಕೊಡೋಕೆ ಜಾಗ ಇಲ್ಲ.

ಲೂರು: ಒಂದೇ ಒಂದು ತಗೋತೀನಿ ಅಂದ್ರೆ ರಬ್ಬರ್ ಕಪ್ಪೆ ತಗೊಳ್ಳಿ. ಒಳಗೆ ಟೊಳ್ಳು, ಬೆನ್ನಿಗೆ ಅಂಟಿಕೊಂಡಂತೆ ಎರಡು ಮೊನೆ, ಮೊನೆಗಳು ಮೇಲ್ಮುಖ. ಹಾಗಾಗಿ ಜೊಂಡಿನ ಮೇಲೆ ಜಾರುತ್ತೆ, ಸಿಕ್ಕಿಹಾಕ್ಕೊಳ್ಳಲ್ಲ. ಮೀನು ಕಚ್ಚಿದಾಗ ರಬ್ಬರ್ ಅಮುಕಿಕೊಂಡು ಮೊನೆ ಹೊರಗೆ ಬರುತ್ತೆ. ಅಂಗಡಿಯಲ್ಲಿ ಬೆರಳಲ್ಲಿ ಅಮುಕಿ ನೋಡಿ, ಗಟ್ಟಿ ಇದ್ರೆ ಬೇಡ. ಐದಾರು ಸೆಂಟಿಮೀಟರ್ ಉದ್ದ, 10ರಿಂದ 15 ಗ್ರಾಂ ಸರಿ. ಬಣ್ಣದ ಬಗ್ಗೆ ತಲೆ ಕೆಡಿಸ್ಕೋಬೇಡಿ, ಕೆಳಗಿಂದ ನೋಡೋ ಮೀನಿಗೆ ಕಾಣೋದು ಹೊಟ್ಟೆ ಮಾತ್ರ. ಒಂದು ಕಪ್ಪು, ಒಂದು ಬಿಳಿ ಇದ್ರೆ ಸಾಕು. ಬೇಸಿಗೇಲಿ ನೀರು ಇಳಿದು ಜೊಂಡು ಕಮ್ಮಿಯಾದಾಗ ಒಂಟಿ ಗಾಳದ ಮೆತ್ತನೆ ರಬ್ಬರ್ ಮೀನು ಅಥವಾ ಸ್ಪಿನ್ನರ್‌ಬೇಟ್ ಹಾಕಬಹುದು.

ಎಸೆಯೋದು, ಕಾಯೋದು

ಬೆಳಗ್ಗೆ, ಸಂಜೆ ಹೋಗಿ. ಜೊಂಡಿನ ನಡುವಿನ ತೆರಪು ನೋಡ್ಕೊಂಡು ಅದರ ಆಚೆಗೆ ಎಸೀರಿ. ಅಲೆ ನಿಲ್ಲಲಿ. ಎರಡು ಜಗ್ಗು, ಒಂದು ನಿಲುಗಡೆ, ಹಾಗೇ ತೆರಪಿನವರೆಗೆ ತನ್ನಿ. ಅಲ್ಲಿ ಸ್ವಲ್ಪ ಹೊತ್ತು ಬಿಡಿ. ಕೊರವ ಎದ್ದು ಹೊಡೆದಾಗ ಎದೆ ಧಸಕ್ ಅನ್ನುತ್ತೆ, ಕೈ ತಾನಾಗೇ ಜಗ್ಗುತ್ತೆ. ಜಗ್ಗಬೇಡಿ. ‘ಒಂದು, ಎರಡು’ ಎಣಿಸಿ, ದಾರ ಬಿಗಿಯಾದ ಮೇಲೆ ಜೋರಾಗಿ ಎಳೀರಿ. ಕಪ್ಪೆ ಬಾಯೊಳಗೆ ಹೋಗೋಕೆ ಅಷ್ಟು ಹೊತ್ತು ಬೇಕು. ಇದನ್ನ ಕಲಿಯೋಕೆ ನನಗೆ ಒಂದು ಇಡೀ ಮಳೆಗಾಲ ಹಿಡೀತು.

ಹಿಡೀಬಾರದ ಮೀನು

ಮಳೆಗಾಲದಲ್ಲಿ ಕೆಲವೊಮ್ಮೆ ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ಕುದಿಯೋ ಥರ ಕಾಣುತ್ತೆ. ಅವು ಕೊರವದ ಮರಿ. ಅಪ್ಪ ಅಮ್ಮ ಕೆಳಗೇ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಳೆದ್ರೆ ಗ್ಯಾರಂಟಿ ಹೊಡೆತ. ಅದು ಹಸಿವಿಗಲ್ಲ, ಮರಿ ಉಳಿಸ್ಕೊಳ್ಳೋಕೆ.

ನಾನು ಒಂದು ಸಲ ಹಿಡಿದೆ. ದೊಡ್ಡ ಮೀನು. ಫೋಟೋ ತೆಗೆಸ್ಕೊಂಡು, ಚೀಲಕ್ಕೆ ಹಾಕ್ಕೊಂಡು ತಿರುಗಿ ನೋಡಿದ್ರೆ ಆ ಕೆಂಪು ಗುಂಪು ಚೆದುರಿಹೋಗಿತ್ತು, ಸುತ್ತ ಬೇರೆ ಮೀನುಗಳು ಪಟಪಟ ಅಂತಿದ್ವು. ಯಜಮಾನರು ಬೈಯಲಿಲ್ಲ. ‘ಮರಿ ಮ್ಯಾಲಿರೋದನ್ನ ನಾವು ಮುಟ್ಟಲ್ಲ ಕಣಪ್ಪ. ಮುಂದಿನ್ ವರ್ಷ ಏನ್ ಹಿಡೀತೀಯ?’ ಅಂದ್ರು, ಅಷ್ಟೇ. ಅವತ್ತಿನವರೆಗೆ ‘ಸ್ವಾಮಿ’ ಅಂತಿದ್ದವರು ಅವತ್ತು ‘ಕಣಪ್ಪ’ ಅಂದ್ರು. ಆ ಮೀನಿನ ಸಾರು ನನಗೆ ರುಚಿಸಲಿಲ್ಲ. ಅಂದಿನಿಂದ ಕೆಂಪು ಗುಂಪು ಕಂಡ್ರೆ ಗಾಳ ಸುತ್ತಿಟ್ಟು ಮುಂದಕ್ಕೆ ನಡೀತೀನಿ.

ಇನ್ನು ನಾಲ್ಕು ಮಾತು

ಒಂದು: ಅನುಮತಿ. ಕೆರೆ ಎಲ್ಲರದ್ದು, ಆದ್ರೆ ಮೀನು ಹಿಡಿಯೋ ಹಕ್ಕು ಹೆಚ್ಚಿನ ಕಡೆ ಗುತ್ತಿಗೆಯಲ್ಲಿರುತ್ತೆ. ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯ್ತಿಯೋ ಕೊಟ್ಟಿರುತ್ತೆ. ಗುತ್ತಿಗೆದಾರರನ್ನ ಕೇಳಿ. ಕೊರವ ಅವರ ಗೆಂಡೆ ಮರಿಗಳನ್ನ ತಿನ್ನುತ್ತೆ, ಹಾಗಾಗಿ ‘ಕೊರವಕ್ಕೆ ಮಾತ್ರ’ ಅಂತ ಹೇಳಿದ್ರೆ ಒಪ್ಪೋರೂ ಇದ್ದಾರೆ.

ಎರಡು: ನೀರು. ಕೊರವ ಗಾಳಿ ಕುಡಿದು ಬದುಕೋದರಿಂದ ಆಮ್ಲಜನಕ ಕಮ್ಮಿ ಇರೋ ಕೊಳಕು ನೀರಲ್ಲೂ ಉಳಿಯುತ್ತೆ. ‘ಮೀನಿದೆ, ನೀರು ಚೆನ್ನಾಗಿದೆ’ ಅನ್ನೋ ಲೆಕ್ಕ ಇದಕ್ಕೆ ನಡೆಯಲ್ಲ. ದೊಡ್ಡಬಳ್ಳಾಪುರದ ಕೆಳಗೆ ಅರ್ಕಾವತಿ ಸಾಲಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಊರಿನ ಕೊಳಚೆ, ಕಾರ್ಖಾನೆಗಳ ನೀರು ಸೇರುತ್ತೆ ಅಂತ ಅಲ್ಲಿನ ಜನ ಹೋರಾಟ ಮಾಡ್ಕೊಂಡು ಬಂದಿದ್ದಾರೆ. ನೊರೆ, ವಾಸನೆ ಇರೋ ಕೆರೆ ಮೀನು ಮನೆಗೆ ಬೇಡ.

ಮೂರು: ದಾರ. ಸಿಕ್ಕಿಕೊಂಡ ಬ್ರೇಡನ್ನ ಕತ್ತರಿಸಿ ಅಲ್ಲೇ ಬಿಟ್ಟು ಬರಬೇಡಿ. ಹೊಸಕೋಟೆ ಕೆರೆಗೆ ಬರೋ ಹೆಜ್ಜಾರ್ಲೆ, ಕೊಕ್ಕರೆಗಳ ಕಾಲಿಗೆ ಅದೇ ಉರುಳು. ಆದಷ್ಟು ಎಳ್ಕೊಂಡು, ಸುತ್ತಿ ಜೇಬಿಗೆ ಹಾಕ್ಕೊಂಡು ಬನ್ನಿ.

ನಾಲ್ಕು, ಎಲ್ಲಕ್ಕಿಂತ ಮುಖ್ಯ: ಲೂರು ಸಿಕ್ಕಿಕೊಂಡ್ರೆ ನೀರಿಗಿಳೀಬೇಡಿ. ನಮ್ಮ ಕೆರೆಗಳ ಒಡಲಲ್ಲಿ ಮಣ್ಣು ತೆಗೆದ ಗುಂಡಿಗಳಿವೆ. ಮೊಣಕಾಲುದ್ದ ನೀರು ಅಂದ್ಕೊಂಡು ಒಂದು ಹೆಜ್ಜೆ ಇಟ್ರೆ ಎರಡಾಳುದ್ದ. ಕೆಳಗೆ ಹೂಳು, ಮೇಲೆ ಜೊಂಡು, ಈಜು ಬಂದ್ರೂ ಕಾಲು ಬಿಡಿಸ್ಕೊಳ್ಳೋದು ಕಷ್ಟ. ಅದಕ್ಕೇ ನಾನು ದುಬಾರಿ ಲೂರು ತಗೊಳ್ಳಿ ಅಂತ ಯಾರಿಗೂ ಹೇಳಲ್ಲ. ಸಾವಿರ ರೂಪಾಯಿ ಲೂರು ಕಣ್ಣೆದುರೇ ನೇತಾಡ್ತಿದ್ರೆ ಇಳಿಯೋ ಮನಸ್ಸಾಗುತ್ತೆ. ಹೋದ್ರೆ ‘ಹೋಗ್ಲಿ ಬಿಡು’ ಅನ್ನೋ ಬೆಲೆಯ ಕಪ್ಪೆಯೇ ಒಳ್ಳೇದು.

ಹಾಗಾಗಿ ದೊಡ್ಡಬಳ್ಳಾಪುರದ ನಮ್ಮ ಕೇಳುಗರಿಗೆ ಉತ್ತರ ಇಷ್ಟು: ರಾಡು ಗಟ್ಟಿ ಇದ್ರೆ ಅದೇ ಇರಲಿ, ದಾರ ಬದಲಾಯಿಸಿ, ಒಂದು ರಬ್ಬರ್ ಕಪ್ಪೆ ತಗೊಳ್ಳಿ. ನಾಲ್ಕನೇ ಭಾನುವಾರ ಮೊದಲ ಅರ್ಧ ಗಂಟೆ ಏನೂ ಎಸೀದೆ, ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡ್ತಾ ಕೂತ್ಕೊಳ್ಳಿ. ಪಕ್ಕದಲ್ಲಿ ಬಿದಿರು ಕೋಲಿನವರು ಯಾರಾದ್ರೂ ಇದ್ರೆ ಮಾತಾಡಿಸಿ. ವಿಡಿಯೋದಲ್ಲಿ ಸಿಗದ ಅರ್ಧ ವಿಷಯ ಅವರ ಹತ್ರ ಇರುತ್ತೆ. ಏನಾಯ್ತು ಅಂತ ನಮಗೂ ಬರೆದು ತಿಳಿಸಿ.