ಕಾಯಾ ಟೋಸ್ಟಿಗೆ ಬೂಸ್ಟು ಹಿಡಿದದ್ದು ಹೇಗೆ?

ಸಿಂಗಪುರದಲ್ಲಿ ನಮ್ಮ ಮನೆ ಹತ್ತಿರದ ಕೋಪಿಟಿಯಾಮ್‌ನಲ್ಲಿ, ಅಂದ್ರೆ ಇಲ್ಲಿನ ಕಾಫಿ ಅಂಗಡಿಯಲ್ಲಿ, ಬೆಣ್ಣೆ ಹಾಕಿದ ಕಾಯಾ ಟೋಸ್ಟ್ ಫೋಟೊ ತೆಗೆದು ಊರಲ್ಲಿರೋ ಅಮ್ಮನಿಗೆ ಕಳಿಸಿದ್ವಿ. "ಬೂಸ್ಟು ಹಿಡಿದಿದೆಯಲ್ರೋ, ಇದನ್ನೇ ತಿಂತಿದ್ದೀರಾ?" ಅಂತ ಅಮ್ಮ ಗಾಬರಿಯಾದ್ರು.

ತಪ್ಪು ಟೋಸ್ಟಿನದಲ್ಲ, ಬೆಳಕಿನದು. ತಲೆ ಮೇಲಿನ ಹಳದಿ ದೀಪದ ಬಣ್ಣದ ತಾಪ ಸುಮಾರು 2700 ಕೆಲ್ವಿನ್. ಹಗಲಿನ ಬೆಳಕಿನದು ಸುಮಾರು 5500. ನಮ್ಮ ಮಿದುಳು ಈ ವ್ಯತ್ಯಾಸವನ್ನು ತಾನೇ ಸರಿದೂಗಿಸುತ್ತೆ. ಕ್ಯಾಮೆರಾ ಸಾಮಾನ್ಯವಾಗಿ ಇಡೀ ಚಿತ್ರಕ್ಕೆ ಒಂದೇ ವೈಟ್ ಬ್ಯಾಲೆನ್ಸ್ ಹಾಕುತ್ತೆ. ದೀಪದ ಹಳದಿಯನ್ನು ಅದು ತೆಗೆದಾಗ, ಹಗಲು ಬೆಳಕು ಬಿದ್ದ ಬೆಣ್ಣೆ ನೀಲಿಗೆ ತಿರುಗಿತ್ತು!

ಮರುದಿನ ದೀಪದಿಂದ ದೂರ, ಹೊರಗಿನ ಬೆಳಕು ಪಕ್ಕದಿಂದ ಬೀಳೋ ಮೇಜು ಹಿಡಿದ್ವಿ. ಟೋಸ್ಟಿನ ಉಬ್ಬುತಗ್ಗುಗಳಿಗೆ ಪುಟ್ಟ ನೆರಳು ಮೂಡಿ, ಗರಿಗರಿ ಕಣ್ಣಿಗೇ ಕಾಣಿಸಿತು. ಫೋನಿನ ಫ್ಲ್ಯಾಷ್ ಎದುರಿನಿಂದ ಬಡಿದು ಈ ನೆರಳನ್ನೇ ಅಳಿಸುತ್ತೆ. ಅದನ್ನು ಆಫ್ ಮಾಡಿದ್ವಿ. ನೆರಳು ತೀರಾ ಕಪ್ಪಾದ ಬದಿಗೆ, ಕಾಫಿ ಕಪ್ಪಿಗೆ ಒರಗಿಸಿ ಒಂದು ಬಿಳಿ ಟಿಶ್ಯೂ ನಿಲ್ಲಿಸಿದ್ವಿ. ಅದು ಬೆಳಕನ್ನು ವಾಪಸ್ ಚೆಲ್ಲಿತು.

ಅಂಗಡಿ ಅದೇ, ಟೋಸ್ಟ್ ಅದೇ. ಅಮ್ಮನ ಉತ್ತರ ಮಾತ್ರ ಬೇರೆ: "ಈಗ ಸಮಾಧಾನ ಆಯ್ತು. ಇನ್ನೆರಡು ತಿನ್ನಿ."

ನೀವೂ ಊರಿಗೆ ಫೋಟೊ ಕಳಿಸೋ ಮುಂಚೆ ಒಮ್ಮೆ ನೋಡಿ: ತಟ್ಟೆ ಮೇಲೆ ಎಷ್ಟು ಬಣ್ಣದ ಬೆಳಕು ಬೀಳ್ತಿದೆ?