ಮೊಬೈಲಿನ ಒಳಗಿನ ಬರವಣಿಗೆ

ಮಕ್ಕಳೇ, ಹಬ್ಬದ ದಿನ ಅಂಗಳದಲ್ಲಿ ಹಾಕಿದ ದೊಡ್ಡ ರಂಗೋಲಿಯನ್ನು ನೀವು ನೋಡಿರುವಿರಲ್ಲವೇ? ನೋಡಲು ಚೆಂದ. ಆದರೆ ಬರಿಯ ನೋಟದಿಂದ ಅದನ್ನು ಹಾಗೆಯೇ ಬಿಡಿಸುವುದು ಕಷ್ಟ. ‘ಸಂದು ಚುಕ್ಕಿ, 15ರಿಂದ 8’ ಎಂದು ಬರೆದಿಟ್ಟ ಪುಸ್ತಕ ಕೈಗೆ ಸಿಕ್ಕರೆ? ಆಗ ಯಾರು ಬೇಕಾದರೂ ಬಿಡಿಸಬಹುದು. ನಡುವಿನ ಕಮಲವನ್ನು ತೆಗೆದು ನವಿಲನ್ನೂ ಕೂರಿಸಬಹುದು.

ಮೊಬೈಲಿನ ಪರದೆಯೂ ಇಂಥ ಒಂದು ರಂಗೋಲಿ. ಅದರ ಹಿಂದೆ ಮನುಷ್ಯರು ಬರೆದ ಸೂಚನೆಗಳ ಸಾಲುಗಳಿವೆ. ಇವಕ್ಕೆ ಆಕರ ಸಂಕೇತ ಅಥವಾ ಸೋರ್ಸ್ ಕೋಡ್ ಎನ್ನುತ್ತಾರೆ. ಜಾವಾ, ಕೋಟ್ಲಿನ್, ಸಿ ಪ್ಲಸ್ ಪ್ಲಸ್ ಮೊದಲಾದ ಭಾಷೆಗಳಲ್ಲಿ ಇವನ್ನು ಬರೆಯುತ್ತಾರೆ. ಯಂತ್ರಕ್ಕೆ ತಿಳಿಯುವುದು 0 ಮತ್ತು 1 ಮಾತ್ರ. ಆದ್ದರಿಂದ ಕಂಪೈಲರ್ ಎಂಬ ತಂತ್ರಾಂಶವು ಆ ಸಾಲುಗಳನ್ನು ಯಂತ್ರದ ಭಾಷೆಗೆ ತಿರುಗಿಸುತ್ತದೆ. ತಿರುಗಿಸಿದ ಮೇಲೆ ಅದನ್ನು ನಾವು ಓದುವುದು ಬಹಳ ಕಷ್ಟ. ಅನೇಕ ಕಂಪನಿಗಳು ನಮಗೆ ಕೊಡುವುದು ಇದನ್ನೇ. ಮೂಲ ಬರವಣಿಗೆಯನ್ನು ಅವು ಬಚ್ಚಿಡುತ್ತವೆ.

ಕೆಲವರು ಬಚ್ಚಿಡುವುದಿಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸನ್ನು ಎಲ್ಲರಿಗೂ ತೆರೆದಿಟ್ಟನು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಬಳಸುವುದು ಈ ಲಿನಕ್ಸನ್ನೇ. ಅದರ ಮೇಲೆ ಕಟ್ಟಿದ ಆಂಡ್ರಾಯ್ಡಿನ ಆಕರವನ್ನು ಗೂಗಲ್ ಕಂಪನಿಯು 2008ರ ಅಕ್ಟೋಬರಿನಲ್ಲಿ ತೆರೆದಿಟ್ಟಿತು. ಇಂಥವು ಮುಕ್ತ ಆಕರ ತಂತ್ರಾಂಶಗಳು.

ಆಂಡ್ರಾಯ್ಡಿನಲ್ಲಿ ಫ್ರೇಮ್‌ವರ್ಕ್, ಅಂದರೆ ಚೌಕಟ್ಟು, ಎಂಬ ಭಾಗವಿದೆ. ಗುಂಡಿ ಮೂಡಿಸುವುದು, ಅಕ್ಷರ ತೋರಿಸುವುದು, ಬೆರಳು ತಾಗಿದ್ದನ್ನು ಅರಿಯುವುದು ಇವು ಎಲ್ಲ ಆ್ಯಪ್‌ಗಳಿಗೂ ಬೇಕಾದ ಕೆಲಸಗಳು. ಅವನ್ನು ಚೌಕಟ್ಟು ಮಾಡಿಕೊಡುತ್ತದೆ. ಮನೆ ಕಟ್ಟುವ ಪ್ರತಿಯೊಬ್ಬನೂ ಇಟ್ಟಿಗೆ ಸುಡುತ್ತಾ ಕೂರುವುದಿಲ್ಲವಷ್ಟೆ!

ಇದನ್ನು ನೋಡಲು ಎಲ್ಲಿಂದ ಆರಂಭಿಸಬೇಕು? ಇಡೀ ಆಕರವನ್ನು ಇಳಿಸಿಕೊಳ್ಳಲು ಹೋಗಬೇಡಿ. ಅದಕ್ಕೆ ಸುಮಾರು 250 ಜಿಬಿ ಜಾಗ ಬೇಕು. ಇಳಿಸಿಕೊಳ್ಳದೆಯೇ ಓದಲು ಅಂತರಜಾಲದಲ್ಲಿ ‘ಆಂಡ್ರಾಯ್ಡ್ ಕೋಡ್ ಸರ್ಚ್’ ಎಂಬ ತಾಣವಿದೆ. ಅಧ್ಯಾಪಕರ ಜೊತೆ ಕುಳಿತು ಅದನ್ನು ತೆರೆಯಿರಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಂತೆ ಕಾಣುತ್ತದೆ. ‘ಫ್ರೇಮ್‌ವರ್ಕ್ಸ್’ ಒಳಗೆ ‘ಬೇಸ್’, ಅದರೊಳಗೆ ‘ಕೋರ್’, ಅದರೊಳಗೆ ‘ರೆಸ್’, ಅದರೊಳಗೆ ಇನ್ನೊಂದು ‘ರೆಸ್’! ಅಲ್ಲಿ ‘ವ್ಯಾಲ್ಯೂಸ್’ ಎಂಬ ಹೆಸರಿನ ಪೆಟ್ಟಿಗೆಗಳು ಸಾಲಾಗಿವೆ. ಹೆಸರಿನ ಬಾಲದಲ್ಲಿರುವ ಎರಡು ಅಕ್ಷರಗಳನ್ನು ಗಮನಿಸಿ. ಎಂ ಎಲ್ ಎಂದಿದ್ದರೆ ಮಲಯಾಳಂ, ಟಿ ಎ ಎಂದಿದ್ದರೆ ತಮಿಳು, ಕೆ ಎನ್ ಎಂದಿದ್ದರೆ ನಮ್ಮ ಕನ್ನಡ. ಅದರಲ್ಲಿರುವ ‘ಸ್ಟ್ರಿಂಗ್ಸ್’ ಕಡತವನ್ನು ತೆರೆಯಿರಿ. ‘ಸರಿ’, ‘ರದ್ದುಮಾಡಿ’ ಮುಂತಾಗಿ ಫೋನು ನಮಗೆ ತೋರಿಸುವ ಮಾತುಗಳು ಕನ್ನಡ ಲಿಪಿಯಲ್ಲಿಯೇ ಇವೆ. ಆಂಡ್ರಾಯ್ಡಿನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿದ್ದು 2014ರಲ್ಲಿ, 5.0 ಎಂಬ ಆವೃತ್ತಿಯಲ್ಲಿ.

‘ರದ್ದುಮಾಡಿ’ ಎನ್ನುವ ಬದಲು ‘ಬೇಡ’ ಎಂದರೆ ಸಾಲದೇ ಎಂದು ನಿಮಗೆ ಅನಿಸಬಹುದು. ಗೂಗಲ್‌ನ ಮೂಲ ಪ್ರತಿಯಲ್ಲಿ ಯಾವುದು ಇರಬೇಕೆಂದು ತೀರ್ಮಾನಿಸುವುದು ಗೂಗಲ್. 2025ರಿಂದ ಅದು ಹೊಸ ಕೆಲಸವನ್ನೆಲ್ಲ ತನ್ನೊಳಗೇ ಮಾಡಿ, ಮುಗಿದ ಮೇಲೆ ಹೊರಗಿಡುತ್ತಿದೆ. ಆದರೂ ಒಂದು ಪ್ರತಿ ತೆಗೆದುಕೊಂಡು ಅದರಲ್ಲಿ ಬೇಕಾದ ಸಾಲನ್ನು ಬದಲಿಸಲು ಯಾರಿಗೂ ಅಡ್ಡಿಯಿಲ್ಲ. ಲಿನಿಯೇಜ್ ಓಎಸ್ ಎಂಬುದನ್ನು ಸ್ವಯಂಸೇವಕರು ಹೀಗೆಯೇ ಕಟ್ಟಿದ್ದಾರೆ. ತಯಾರಕರು ಕೈಬಿಟ್ಟ ಎಷ್ಟೋ ಹಳೆಯ ಫೋನುಗಳು ಅದರಿಂದ ಇಂದಿಗೂ ಕೆಲಸ ಮಾಡುತ್ತಿವೆ.